ತವರು ಕೇಳಿದ ನಾಕಾ

ನನಗೆ ಸ್ವಂತದ್ದೊಂದು ಧ್ವನಿ ಇದೆಯೋ ಇಲ್ಲವೋ ಎಂಬುದು ನಮ್ಮ ಓಣಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಡಂಗುರದವನ ಹಾಗೆ ಕೂಗಬಲ್ಲೆ, ನೂಲಿನ ಸಾವಕಾರರ ಹಾಗೆ ಗಂಟಲು ಸರಿಮಾಡಿಕೊಳ್ಳಬಲ್ಲೆ, ನಮ್ಮಣ್ಣನ ಗೊರಕೆಯನ್ನು ನಮ್ಮಣ್ಣನಿಗಿಂತ ಚೆನ್ನಾಗಿ ಹೊಡೆಯಬಲ್ಲೆ. ನನ್ನನ್ನು ಸೋಲಿಸಿದ್ದು ಮುಧೋಳದ ಬೇಟೆನಾಯಿಯೊಂದೇ. ಅದು ಬೊಗಳುವುದೇ ಕಡಿಮೆ, ಮೂಗು ಉದ್ದ ಮಾಡಿ ಸುಮ್ಮನೆ ನಿಲ್ಲುತ್ತದೆ. ನನ್ನ ಮೂಗು ಹುಟ್ಟಿನಿಂದಲೇ ಉದ್ದ, ಹಾಗಾಗಿ ನಾನು ಸುಮ್ಮನೆ ನಿಂತರೂ ಜನ ನಗುತ್ತಾರೆ. ಅದರಲ್ಲಿ ಕಲೆಯೇನೂ ಇಲ್ಲ.

“ಎಲ್ಲಾರ ಧ್ವನಿ ಕದ್ದೀದಿ, ನಿನ್ನದು ಎಲ್ಲಿಟ್ಟು ಬಂದೀದಿ ಮಂಗ್ಯಾ?” ಎಂದು ಅವ್ವ ಕೇಳುತ್ತಿದ್ದಳು. ನಾನು ಅವಳದೇ ಧ್ವನಿಯಲ್ಲಿ, “ಮಂಗ್ಯಾನ ಹಡದಾಕಿನ್ನ ಕೇಳು” ಎನ್ನುತ್ತಿದ್ದೆ. ಆಮೇಲೆ ಓಡುತ್ತಿದ್ದೆ.

ಈಗ ಸಂಸ್ಥಾನಗಳೆಲ್ಲ ಕರಗಿ ಒಂದಾಗಿವೆ. ಆಗ ಹಾಗಿರಲಿಲ್ಲ. ನಮ್ಮ ಕಡೆ ಒಂದು ಹೊಲದ ಬದು ದಾಟಿದರೆ ಇನ್ನೊಬ್ಬ ಅರಸ, ಹಳ್ಳ ದಾಟಿದರೆ ಮತ್ತೊಬ್ಬ. ಬೀಳಗಿಯ ಕಡೆ ನಡೆದರೆ ಇಂಗ್ರೇಜಿ ಮುಲುಕು, ಅಂದರೆ ಬ್ರಿಟಿಷರ ಸೀಮೆ. ಸೀರೆ ನೇಯುವುದು ಒಂದು ಸಂಸ್ಥಾನದಲ್ಲಿ, ನೂಲು ತರುವುದು ರಬಕವಿ-ಬನಹಟ್ಟಿಯ ಪೇಟೆಯಿಂದ, ಹೆಣ್ಣು ತರುವುದು ಮೂರನೆಯ ಕಡೆಯಿಂದ. ಎಮ್ಮೆ ಮಾತ್ರ ಯಾರನ್ನೂ ಕೇಳದೆ ಎಲ್ಲ ಅರಸರ ಹುಲ್ಲನ್ನೂ ಮೇಯುತ್ತಿತ್ತು. ನಮ್ಮೂರು ಯಾರ ಕೈಕೆಳಗಿತ್ತು ಎಂದು ನಾನು ಹೇಳುವುದಿಲ್ಲ. ಹಳೆಯ ಅರಸರು ಕನಸಿನಲ್ಲಿ ಬಂದರೆ ಅವರನ್ನೂ ಅಣಕಿಸಿಬಿಡುವ ಚಟ ನನಗೆ.

ಮಹಾಯುದ್ಧದ ಕಾಲ. ಜೋಳ ಸಿಗುತ್ತಿರಲಿಲ್ಲ. ಒಂದು ದಿನ ಡಂಗುರದವನು ಬಂದು ಸಾರಿದ: ಪರಸ್ಥಳದವರು ನಮ್ಮ ಜೋಳ ತಿನ್ನುತ್ತಿದ್ದಾರೆ, ಬರುವ ಅಮಾವಾಸ್ಯೆಯೊಳಗೆ ಅವರು ಸಂಸ್ಥಾನ ಬಿಡಬೇಕು, ಅವರನ್ನು ಇಟ್ಟುಕೊಂಡವರಿಗೆ ದಂಡ. ಅವನು ಓಣಿಯ ಆ ತುದಿ ಮುಟ್ಟುವಷ್ಟರಲ್ಲಿ ನಾನು ಈ ತುದಿಯಲ್ಲಿ ಅವನದೇ ಧ್ವನಿಯಲ್ಲಿ, “ಉದ್ದ ಮೂಗಿನವರೂ ಬಿಡಬೇಕೋ” ಎಂದು ಸಾರಿದೆ. ಜನ ನಕ್ಕರು. ಆ ಹೊತ್ತಿಗೆ ಅದು ನಗುವ ಮಾತೇ ಆಗಿತ್ತು.

ಊರ ಹೊರಗೆ ಬೇವಿನ ಮರದ ಕೆಳಗೆ ಸಂಸ್ಥಾನದ ಸುಂಕದ ನಾಕಾ ಇತ್ತು. ಅಡ್ಡ ಒಂದು ಬಿದಿರಿನ ಗಳ, ಅದನ್ನು ಎತ್ತಿ ಇಳಿಸಲು ಒಬ್ಬ ಸಿಪಾಯಿ, ಎತ್ತು ಇಳಿಸು ಎನ್ನಲು ಒಬ್ಬರು ಕಾರಕೂನರು, ಅಂದರೆ ಗುಮಾಸ್ತರು. ಈ ಕಾರಕೂನರು ಸಾತಾರೆಯ ಕಡೆಯಿಂದ ಬಂದವರು, ಸಣಕಲು ದೇಹ, ಗುಂಡಿ ಹಾಕಿದ ಕೋಟು, ಕನ್ನಡಕದ ಒಂದು ಕಡ್ಡಿಯ ಬದಲು ದಾರ. ಕನ್ನಡ ಕಲಿತಿದ್ದರು, ಆದರೆ ಯಾರನ್ನಾದರೂ ದಾಟಿಸುವಾಗ ಮಾತ್ರ ಅವರ ಬಾಯಿಂದ ಮರಾಠಿಯೇ ಬರುತ್ತಿತ್ತು: “ಪುಢೇ!” ಮುಂದೆ ನಡೆ ಎಂದರ್ಥ. ಮೂಗಿನಲ್ಲಿ ಹುಟ್ಟಿ ಹಲ್ಲಿನಲ್ಲಿ ಮುಗಿಯುವ ಆ ಪುಢೇ ಕಲಿಯಲು ನನಗೆ ಒಂದು ವಾರ ಹಿಡಿಯಿತು. ಕಲಿತ ಮೇಲೆ ಒಂದು ಮುಂಜಾನೆ ಮರದ ಹಿಂದೆ ನಿಂತು ಹೇಳಿದೆ, ಸಿಪಾಯಿ ಗಳ ಎತ್ತಿಯೇ ಬಿಟ್ಟ. ಒಂದು ಎಮ್ಮೆ ಗಂಭೀರವಾಗಿ ದಾಟಿ ಹೋಯಿತು. ನನ್ನ ಹೆಸರು ನಾಕಾದಲ್ಲಿ ಪ್ರಸಿದ್ಧವಾದದ್ದು ಅಂದಿನಿಂದ.

ಪರಸ್ಥಳದವರು ಯಾರು ಎಂದು ಗೊತ್ತು ಮಾಡುವ ಕೆಲಸವೂ ಈ ಕಾರಕೂನರ ತಲೆಗೆ ಬಿತ್ತು. ಅವರು ಚಾವಡಿಯಲ್ಲಿ ಕುಳಿತು ಒಂದೊಂದೇ ಓಣಿಯನ್ನು ಕರೆಸಿದರು. ಎಲ್ಲರಿಗೂ ಒಂದೇ ಪ್ರಶ್ನೆ, ನಿನ್ನ ಊರು ಯಾವುದು?

ಗಂಡಸರು “ಇಲ್ಲೇರೀ” ಎಂದರು. ನಮ್ಮವರು ಎಲ್ಲಿಂದ ಬಂದಿ ಎಂದರೂ ಇಲ್ಲೇ, ಎಲ್ಲಿಗೆ ಹೊಂಟಿ ಎಂದರೂ ಇಲ್ಲೇ. ಕಾಶಿಗೆ ಹೊರಟವನೂ ದಾರಿಯಲ್ಲಿ ಕೇಳಿದರೆ ಇಲ್ಲೇ ಎನ್ನುತ್ತಾನೆ. ಕಾರಕೂನರು ಬರೆದುಕೊಂಡರು.

ಆಮೇಲೆ ಹೆಂಗಸರ ಸರದಿ. ಮೊದಲು ನಿಂತವಳು ನಮ್ಮ ವೈನಿ, ಅಣ್ಣನ ಹೆಂಡತಿ.

“ನಿನ್ನ ಊರು ಯಾವದು?”

“ಬೀಳಗಿರೀ,” ಎಂದಳು ವೈನಿ, ಸೆರಗು ಸರಿಮಾಡಿಕೊಂಡು. “ಅಗಸಿ ದಾಟಿದ ಕೂಡಲೆ ದೊಡ್ಡ ಮನಿ. ಯಾರನ್ನ ಕೇಳಿದರೂ ತೋರಸ್ತಾರ್ರೀ.”

ಕಾರಕೂನರು ಕನ್ನಡಕದ ಮೇಲಿಂದ ನೋಡಿ ಬರೆದುಕೊಂಡರು: ಪರಸ್ಥಳ.

ನಮ್ಮ ಕಡೆ ಮದುವೆಯಾದ ಹೆಂಗಸನ್ನು ನಿನ್ನ ಊರು ಯಾವುದು ಎಂದು ಕೇಳಿದರೆ ಅವಳು ಹೇಳುವುದು ತವರಿನ ಹೆಸರನ್ನು. ಹಲ್ಲಿಲ್ಲದ ಮುದುಕಿಯನ್ನು ಕೇಳಿ ನೋಡಿ, ಮೊಮ್ಮಗನ ಮನೆಯಲ್ಲಿ ಕುಳಿತು ತವರಿನ ಹೆಸರು ಹೇಳುತ್ತಾಳೆ. ಗಂಡನ ಊರು ಇರುವ ಊರು, ಅಷ್ಟೇ. ಅದು ಸಾತಾರೆಯ ಕಾರಕೂನರಿಗೆ ಗೊತ್ತಿರಲಿಲ್ಲ, ನಮ್ಮ ಹೆಂಗಸರಿಗೆ ಅದು ಹೇಳಬೇಕಾದ ಸಂಗತಿ ಎಂದೇ ತೋರಲಿಲ್ಲ. ನನ್ನ ಅವ್ವ ಕೂಡ ಮುಂದೆ ಹೋಗಿ, ಮುಧೋಳದ ಬಾಜೂ ತನ್ನ ಹಳ್ಳಿಯ ಹೆಸರು ಹೇಳಿ, ಅಲ್ಲಿಯ ಬಾವಿಯ ನೀರು ಎಷ್ಟು ಸಿಹಿ ಎಂಬುದನ್ನೂ ಸೇರಿಸಿ ಬಂದಳು. ಸಂಜೆಯ ಹೊತ್ತಿಗೆ ನಮ್ಮ ಓಣಿಯ ಹೆಂಡಂದಿರೆಲ್ಲ ಪರಸ್ಥಳದವರಾಗಿದ್ದರು.

ಗಂಡಸರು ಗಾಬರಿಯಾದರು. ಹೆಂಗಸರು ಆಗಲಿಲ್ಲ.

“ಖರೆ ಹೇಳ್ತೇನಿ, ನಿಮ್ಮ ಸರಕಾರ ಭಾಳ ಛಲೋ ಐತಿ,” ಎಂದು ವೈನಿ ನನಗೆ ಹೇಳುತ್ತ ಗಂಟು ಕಟ್ಟತೊಡಗಿದಳು. “ಎರಡು ನಾಗರಪಂಚಮಿ ಹೋದವು, ನಿಮ್ಮಣ್ಣಾರು ತವರಿಗೆ ಕಳಿಸಿದ್ರೇನು? ಸರಕಾರ ಕಳಸಾಕತ್ತೈತಿ ನೋಡು.”

“ಲೇ, ಅದು ಹಕಾಲಪಟ್ಟಿ, ಊರು ಬಿಡಿಸಿ ಹೊರಗ ಹಾಕಾಕತ್ತಾರ, ಹಬ್ಬಕ್ಕ ಅಲ್ಲ,” ಎಂದ ಅಣ್ಣ.

“ಯಾವದರೆ ಆಗವಲ್ದ್ಯಾಕ. ಬಂಡಿ ಹೂಡ್ರಿ.”

ಅವ್ವ ಹೋದಳು, ವೈನಿ ಹೋದಳು, ಓಣಿಯೇ ಹೋಯಿತು. ಮೂರ್ನಾಲ್ಕು ದಿನ ನಾಕಾದ ಗಳ ಇಳಿಯಲೇ ಇಲ್ಲ. ಬಂಡಿಗಳಲ್ಲಿ ನಗು, ಬುತ್ತಿಯ ವಾಸನೆ, ಕಾರಕೂನರ ಪುಢೇ, ಪುಢೇ, ಪುಢೇ.

ಮಗ್ಗ ಎಂದರೆ ಗಂಡಸು ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುವುದು ಎಂದು ನಾವೂ ನಂಬಿದ್ದೆವು. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವವರು ಯಾರು, ಕಡಿದ ಎಳೆ ಗಂಟು ಹಾಕುವವರು ಯಾರು ಎಂಬುದು ಕಂಡಿಕೆ ಖಾಲಿಯಾದ ಮೇಲೆ ತಿಳಿಯಿತು. ಅಣ್ಣ ಸುತ್ತಿದ ಕಂಡಿಕೆ ಗಿಣಿ ಕಚ್ಚಿದ ಪೇರಲ ಹಣ್ಣಿನ ಹಾಗೆ ಕಾಣುತ್ತಿತ್ತು. ನಾನು ಸುತ್ತಿದ್ದು ಇನ್ನೂ ಚೆನ್ನಾಗಿತ್ತು, ಅದನ್ನು ಲಾಳಿಯೊಳಗೆ ತುರುಕಲು ಆಗಲಿಲ್ಲ ಎಂಬುದೊಂದೇ ದೋಷ. ಓಣಿಯಲ್ಲಿ ಮಗ್ಗದ ಸದ್ದು ನಿಂತಿತು. ಆ ಸದ್ದಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ, ಅಣ್ಣನ ಗೊರಕೆಯೂ ಲಯ ತಪ್ಪಿತು.

ಹೋದವರು ಹೆಂಗಸರಷ್ಟೇ ಅಲ್ಲ. ಎಳೆಗಳನ್ನು ಬಿಡಿಸಿ ಹಿಡಿಯುವ ಮಗ್ಗದ ಹಣಿಗೆ ಕಟ್ಟಿಕೊಡುತ್ತಿದ್ದ ಮುದುಕ ಹೋದ. ಬಳೆಗಾರ ಹೋದ. ಇಂಗ್ರೇಜಿ ಮುಲುಕಿನಿಂದ ಜೋಳ ತರುತ್ತಿದ್ದ ಬಂಡಿಯವರೂ ಪರಸ್ಥಳದವರೇ, ಅವರನ್ನು ನಾಕಾದಿಂದ ಹಿಂದಕ್ಕೆ ಕಳಿಸಿದರು. ಜೋಳ ಉಳಿಸಲು ಮಾಡಿದ ಹುಕುಮು ಜೋಳವನ್ನೇ ನಿಲ್ಲಿಸಿತು. ಸಂತೆಯಲ್ಲಿ ಕಾಳಿನ ಚೀಲಕ್ಕಿಂತ ಕಾಳು ಕೇಳುವವರೇ ಹೆಚ್ಚಾದರು. ಬನಹಟ್ಟಿಯ ಸಾವಕಾರರು ಸೀರೆ ಎಲ್ಲಿ ಎಂದು ಹೇಳಿಕಳಿಸಿದರು. ನಾನು ಅವರ ಹಾಗೆ ಗಂಟಲು ಸರಿಮಾಡಿಕೊಂಡು ಉತ್ತರ ಕೊಡಲು ನೋಡಿದೆ, ಯಾರೂ ನಗಲಿಲ್ಲ.

ಓಣಿಯಲ್ಲಿ ಉಳಿದ ಹೆಂಗಸು ಒಬ್ಬಳೇ, ಗಂಜಿ ಚಿಗವ್ವ. ಅವಳೂ ಪರಸ್ಥಳವೆಂದು ಬರೆಸಿಕೊಂಡವಳೇ, ಆದರೆ ಗಡುವು ಮುಗಿಯುವವರೆಗೆ ಇದ್ದೇ ಹೋಗುತ್ತೇನೆ ಎಂದು ಕುಳಿತಿದ್ದಳು. ಮಗ್ಗಕ್ಕೆ ಉದ್ದಕ್ಕೆ ಹಾಸುವ ನೂಲು ಗಟ್ಟಿಯಾಗಲು ಅದಕ್ಕೆ ಗಂಜಿ ಹಚ್ಚಬೇಕು, ಓಣಿಗೆಲ್ಲ ಆ ಗಂಜಿ ಕಾಯಿಸುವವಳು ಅವಳು. ಎಲ್ಲರಿಗೂ ಚಿಗವ್ವ, ಯಾರಿಗೂ ಸಂಬಂಧವಲ್ಲ. ಬೀಳಗಿಯ ಆಚೆ ಹೊಳೆದಂಡೆಯ ಒಂದು ಹಳ್ಳಿಯಿಂದ ಗಂಡನ ಜೊತೆ ಕೂಲಿಗೆ ಬಂದವಳು. ಗಂಡ ಸೊಲ್ಲಾಪುರದ ಗಿರಣಿಗೆ ಹೋಗಿ, ಬರುತ್ತೇನೆ ಎಂದವನು ಬಂದಿರಲಿಲ್ಲ. ಅವಳನ್ನು ಅಣಕಿಸುವುದು ನನಗೆ ಎಲ್ಲರಿಗಿಂತ ಇಷ್ಟ. ಅವಳು ಮಾತಿನ ಕೊನೆಯನ್ನು ಜೋಕಾಲಿಯ ಹಾಗೆ ಮೇಲಕ್ಕೆ ಎತ್ತುತ್ತಿದ್ದಳು. ಅವಳೂ ನನ್ನನ್ನು ಬಿಡುತ್ತಿರಲಿಲ್ಲ. “ಬಾರೋ ಮೂಗಾ, ನಿನ್ನ ಮೂಗು ಮೊದಲ ಬಂತು, ನೀ ಹಿಂದಿಂದ ಬಾ,” ಎನ್ನುತ್ತಿದ್ದಳು.

ಆ ದಿನಗಳಲ್ಲಿ ಓಣಿಯ ಗಂಡಸರು ಸಂಜೆ ಅವಳ ಒಲೆಯ ಸುತ್ತ ಬಂದು ಸುಮ್ಮನೆ ಕುಳಿತುಕೊಳ್ಳುತ್ತಿದ್ದರು.

“ಏನ್ರಪಾ, ನೂಲಿನ ಗಂಜಿನ ಕುಡೀತೀರೇನು?” ಎಂದು ಅವಳು ರೊಟ್ಟಿ ತಟ್ಟಿ ಹಾಕುತ್ತಿದ್ದಳು. “ಕುಡಿರಿ, ನೀವರೆ ಸ್ವಲ್ಪ ಗಟ್ಟಿ ಆಗ್ತೀರಿ.”

ಕೊನೆಗೆ ಊರ ಹಿರಿಯರು ದೊಡ್ಡ ಕಚೇರಿಗೆ ಹೋಗಿ ನಿಂತರು. ಹೆಂಡಂದಿರಿಲ್ಲದೆ ಸೀರೆ ಇಲ್ಲ, ಸೀರೆಯಿಲ್ಲದೆ ಸುಂಕವಿಲ್ಲ ಎಂದು ಹೇಳಿದರಂತೆ. ಸುಂಕದ ಮಾತು ಕಚೇರಿಗೆ ಕೂಡಲೇ ಅರ್ಥವಾಯಿತು. ಹೊಸ ಹುಕುಮು ಬಂತು: ಗಂಡನ ಮನೆಯಲ್ಲಿ ಇರುವ ಹೆಂಗಸು ಗಂಡನ ಊರಿನವಳು, ಗಂಡ ಊರಲ್ಲಿ ಇಲ್ಲದವಳು ತವರಿನ ಊರಿನವಳು. ಬಂಡಿಗಳು ಹಿಂದಿರುಗಿದವು. ವೈನಿ ಮಾತ್ರ ನಾಲ್ಕು ದಿನ ತಡವಾಗಿ ಬಂದು, “ಹುಕುಮು ಬೀಳಗಿಗೆ ತಡಾ ಮುಟ್ಟಿತ್ರೀ” ಎಂದಳು.

ಮಗ್ಗಗಳು ಸದ್ದು ಮಾಡತೊಡಗಿದವು. ಆದರೆ ಹೊಸ ಹುಕುಮಿನ ಎರಡನೆಯ ಮಾತು ಇಡೀ ಊರಲ್ಲಿ ಒಬ್ಬಳ ಮೇಲೆ ಮಾತ್ರ ಬಿತ್ತು. ಚಿಗವ್ವನ ಗಂಡ ಊರಲ್ಲಿಲ್ಲ. ಅವಳ ತವರು ಹೊಳೆದಂಡೆ. ಡಂಗುರದಲ್ಲಿ ಸಾರಿದ ಅದೇ ಅಮಾವಾಸ್ಯೆಗೆ ಅವಳು ಹೊರಡಬೇಕು ಎಂದು ಸಿಪಾಯಿ ಬಂದು ಹೇಳಿದ. ಪಾಪ, ಅವನೂ ಅವಳ ರೊಟ್ಟಿ ತಿಂದವನೇ, ನೆಲ ನೋಡುತ್ತ ಹೇಳಿದ.

ನಾನು ಉಪಾಯ ಹೂಡಿದೆ. ಅಣ್ಣನ ಟೊಪ್ಪಿಗೆ ಹಾಕಿಕೊಂಡು, ಕಿವಿಗೆ ದಾರ ಕಟ್ಟಿಕೊಂಡು, ಅವಳ ಬೀಸುವ ಕಲ್ಲಿನ ಮೇಲೆ ಕಾರಕೂನನಾಗಿ ಕುಳಿತೆ.

“ನಿನ್ನ ಊರು ಯಾವದು?”

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನಗಬ್ಯಾಡ ಚಿಗವ್ವಾ. ನಾಕಾದಾಗ ಮತ್ತ ಕೇಳ್ತಾರ, ತವರು ಇಲ್ಲೇ ಅನ್ನು, ಅಷ್ಟ. ಅವರೇನು ಹೊಳಿದಂಡಿಗೆ ಹೋಗಿ ನೋಡ್ತಾರೇನು? ಹೂಂ, ಮತ್ತೊಮ್ಮೆ. ನಿನ್ನ ಊರು ಯಾವದು?”

ಅವಳು ಬಾಯಿ ತೆರೆದಳು. ತೆರೆದ ಬಾಯಿಂದ ಹೊಳೆದಂಡೆಯ ಹೆಸರೇ ಬಂತು. ಎಷ್ಟು ಸಲ ಕೇಳಿದರೂ ಅದೇ.

“ಬಾಯಿಗೆ ಬರವಲ್ದೋ,” ಎಂದಳು. “ಪ್ಲೇಗ ಬಂದಾಗ ನಮ್ಮ ಮನ್ಯಾಗ ದೀಪ ಹಚ್ಚಾಕ ಯಾರೂ ಉಳೀಲಿಲ್ಲ. ಆ ಊರು ನಮ್ಮದು ಅನ್ನಾಕ ನಾ ಒಬ್ಬಾಕಿ ಅದೇನಿ. ನಾನೂ ಅಲ್ಲ ಅಂದ್ರ?”

“ಹಂಗಾರ ಅಲ್ಲಿಗೆ ಹೋಗಿ ಯಾರ ಮನ್ಯಾಗ ಇರ್ತಿ?”

“ಇರೂದು ಬಿಡು, ಎಲ್ಲ್ಯರೆ ಇರ್ತೇನಿ.” ಗಂಜಿಯ ಸೌಟನ್ನು ಒರೆಸಿ ಇಟ್ಟಳು. “ನನ್ನ ಗಂಡ ನನ್ನ ಇಲ್ಲಿ ಬಿಟ್ಟು ಹೋಗ್ಯಾನ. ಬಂದ್ರ ಇಲ್ಲೇ ಬರ್ತಾನ. ನಾ ಇಲ್ಲಂದ್ರ ಎಲ್ಲಿ ಅಂತ ಹುಡಕ್ತಾನ ಆ ಹುಚ್ಚಪ್ಪ?”

ನಾನು ಟೊಪ್ಪಿಗೆ ತೆಗೆದೆ. ಮನೆಗೆ ಬಂದು ಇದನ್ನು ಅವ್ವನಿಗೆ ಚಿಗವ್ವನದೇ ಧ್ವನಿಯಲ್ಲಿ, ಕೊನೆಯ ಜೋಕಾಲಿಯ ಸಮೇತ ಒಪ್ಪಿಸಿದೆ. ಅವ್ವ ನಗಲಿಲ್ಲ. “ಆಕಿ ಸುಳ್ಳು ಹೇಳೂದು ಬ್ಯಾಡ. ನಾವು ಖರೆ ಮಾಡೂಣು,” ಎಂದು ವೈನಿಯನ್ನು ಕರೆದಳು.

ಅಮಾವಾಸ್ಯೆಯ ಮುಂಜಾನೆ ಚಿಗವ್ವ ಗಂಟು ಹೊತ್ತು ನಾಕಾಕ್ಕೆ ಬಂದಾಗ ಓಣಿಯ ಹೆಂಗಸರೆಲ್ಲ ಬೇವಿನ ಮರದ ಕೆಳಗೆ ನೆರೆದಿದ್ದರು. ಅವ್ವ ಅವಳ ಗಂಟು ಇಳಿಸಿ, ಗಳದ ಈಚೆ ಒಂದು ಮಣೆ ಹಾಕಿ ಕೂಡಿಸಿದಳು. ಪೂರ್ವಕ್ಕೆ ಮುಖ. ಹಣೆಗೆ ಕುಂಕುಮ, ಕೈಗೆ ಬಳೆ. ಬಳೆಗಾರ ಇರಲಿಲ್ಲ, ವೈನಿ ತನ್ನ ಕೈಯಿಂದ ಎರಡು ಕಳಚಿ ತೊಡಿಸಿದಳು. ಆಮೇಲೆ ಉಡಿ ತುಂಬತೊಡಗಿದರು. ಮಗಳು ತವರಿನಿಂದ ಹೊರಡುವಾಗ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಒಣ ಖರ್ಜೂರದ ಉತ್ತತ್ತಿ, ಅರಿಷಿಣದ ಬೇರು, ಕುಬಸಕ್ಕೆ ಒಂದು ಕಣದ ಬಟ್ಟೆ ಹಾಕಿ ಕಳಿಸುವುದು ನಮ್ಮಲ್ಲಿಯ ಪದ್ಧತಿ. ತವರಿನವರಲ್ಲದೆ ಬೇರೆಯವರು ಹಾಗೆ ಕಳಿಸಿಕೊಡುವುದಿಲ್ಲ. ಅಕ್ಕಿ ಎಲ್ಲಿಂದ ಬರಬೇಕು ಆ ಕಾಲದಲ್ಲಿ? ಮನೆಗೊಂದು ಮುಷ್ಟಿ ಜೋಳ ತಂದಿದ್ದರು. ಯಾವ ಜೋಳವನ್ನು ಅವಳು ತಿನ್ನಬಾರದು ಎಂದು ಹುಕುಮು ಆಗಿತ್ತೋ ಅದೇ ಜೋಳ, ಮುಷ್ಟಿ ಮುಷ್ಟಿಯಾಗಿ ಅವಳ ಸೆರಗಿಗೆ ಬಿತ್ತು.

ಕಾರಕೂನರು ಎದ್ದು ಬಂದರು. “ಏನಿದು? ನಾಕಾದಲ್ಲಿ ಏನು ನಡೆಸಿದ್ದೀರಿ?”

“ಮಗಳಿಗೆ ಉಡಿ ತುಂಬಾಕತ್ತೇವ್ರಿ,” ಎಂದಳು ಅವ್ವ. “ತವರು ಬಿಟ್ಟು ಹೊಂಟಾಳ.”

“ಯಾರ ತವರು?”

“ಈಕಿದು. ಇವತ್ತಿನಿಂದ ನನ್ನ ತಂಗಿ ರೀ ಈಕಿ.”

“ಹಾಗೆಲ್ಲ ಆಗುವುದಿಲ್ಲ ತಾಯಿ. ಹುಟ್ಟಿದ ಊರು ಬೇರೆ.”

“ನಿಮ್ಮ ಹುಕುಮಿನಾಗ ಹುಟ್ಟಿದ ಊರು ಅಂತ ಐತೇನ್ರೀ? ತವರು ಅಂತ ಐತಿ.” ಅವ್ವ ತಟ್ಟೆಯಿಂದ ಕಣ ಎತ್ತಿಕೊಂಡಳು. “ತವರು ಅಂದ್ರ ಉಡಿ ತುಂಬೂ ಮನಿರೀ. ನಿಮ್ಮ ತಂಗೇರಿಗೆ ನಿಮ್ಮಲ್ಲೆ ಏನು ಮಾಡಿ ಕಳಸ್ತಾರ್ರೀ?”

ಕಾರಕೂನರು ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿದರು. “ನಮ್ಮಲ್ಲೂ ಇದೇ. ಓಟಿ ಭರಣೆ ಅನ್ನುತ್ತೇವೆ,” ಎಂದರು, ಸ್ವಲ್ಪ ಮೆಲ್ಲಗೆ. ಆಮೇಲೆ ಕನ್ನಡಕ ಏರಿಸಿ, ದಾರ ಬಿಗಿದು, ಚಿಗವ್ವನ ಕಡೆ ತಿರುಗಿದರು.

“ನಿನ್ನ ಊರು ಯಾವದು?”

ಚಿಗವ್ವ ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಎದ್ದು ನಿಂತಳು.

“ಹುಟ್ಟಿದ್ದು ಹೊಳಿದಂಡಿರೀ,” ಎಂದು ಆ ಹಳ್ಳಿಯ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. ನಾನು ಕಣ್ಣು ಮುಚ್ಚಿಕೊಂಡೆ. “ತವರು ಇಲ್ಲೇರೀ.”

ಆಗ ಮೂಗಿನಲ್ಲಿ ಹುಟ್ಟಿ ಹಲ್ಲಿನಲ್ಲಿ ಮುಗಿಯುವ ಒಂದು ಮಾತು ಕೇಳಿಸಿತು: “ಪುಢೇ!”

ಕಣ್ಣು ತೆರೆದೆ. ಪುಢೇ ಎಂದ ಕಾರಕೂನರ ಕೈ ಗಳದ ಆಚೆಗಲ್ಲ, ಊರ ಕಡೆಗೆ ತೋರಿಸುತ್ತಿತ್ತು. ಆದರೆ ಅದನ್ನು ನೋಡಿದವನು ನಾನೊಬ್ಬನೇ. ಉಳಿದ ಇಡೀ ಊರು ತಿರುಗಿ ನನ್ನನ್ನು ನೋಡುತ್ತಿತ್ತು. ಸಿಪಾಯಿ ಕೂಡ. ನಾನು ಹೇಳಿಲ್ಲ ಎಂದು ಆಣೆ ಮಾಡಲು ಹೊರಟೆ, ಆಗಲಿಲ್ಲ. ಉಡಿಯ ತಟ್ಟೆಯಿಂದ ಕದ್ದ ಉತ್ತತ್ತಿ ಬಾಯಲ್ಲಿತ್ತು. ಉತ್ತತ್ತಿ ಬಾಯಲ್ಲಿದ್ದವನು ಪುಢೇ ಎನ್ನಲು ಸಾಧ್ಯವಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ, ಯಾರೂ ನಂಬುವುದಿಲ್ಲ. ಕಾರಕೂನರು ನನ್ನ ಉಬ್ಬಿದ ಗಲ್ಲವನ್ನು ಒಂದು ಕ್ಷಣ ನೋಡಿ ತಮ್ಮ ಚಾಪೆಗೆ ಹಿಂದಿರುಗಿದರು. ಅವರೂ ಏನನ್ನೂ ಅಲ್ಲಗಳೆಯಲಿಲ್ಲ.

ಚಿಗವ್ವ ಉಡಿಯ ಜೋಳ ಚೆಲ್ಲದ ಹಾಗೆ ಊರೊಳಕ್ಕೆ ನಡೆದಳು. ಅವಳ ಗಂಟು ನನ್ನ ತಲೆಗೆ ಬಂತು.

ಎಲ್ಲರೂ ಮರಳಿದರು ಎಂದು ಬರೆದರೆ ಸುಳ್ಳಾಗುತ್ತದೆ. ಬಳೆಗಾರ ಮತ್ತೆ ಬರಲಿಲ್ಲ. ಹಣಿಗೆಯ ಮುದುಕ ಇಂಗ್ರೇಜಿ ಮುಲುಕಿನಲ್ಲಿ ಯಾವುದೋ ಊರಲ್ಲಿ ಕುಳಿತನಂತೆ. ಹಣಿಗೆ ಮುರಿದರೆ ಅಣ್ಣ ಈಗಲೂ ಅರ್ಧ ದಿನ ನಡೆದು ಹೋಗಬೇಕು. ಅವರಿಗೆ ಯಾರೂ ಉಡಿ ತುಂಬಲಿಲ್ಲ. ಗಂಡಸರಿಗೆ ತುಂಬಲು ಬರುವುದಿಲ್ಲ, ಅವರನ್ನು ಉಳಿಸಿಕೊಳ್ಳುವ ಬೇರೆ ದಾರಿಯನ್ನೂ ನಾವು ಯೋಚಿಸಲಿಲ್ಲ. ನಾನು ಅವರಿಬ್ಬರನ್ನೂ ಚೆನ್ನಾಗಿ ಅಣಕಿಸುತ್ತಿದ್ದೆ. ಈಗ ಮಾಡಿ ತೋರಿಸಿದರೆ ಓಣಿಯ ಸಣ್ಣ ಮಕ್ಕಳು, ಇದು ಯಾರು ಎಂದು ಕೇಳುತ್ತಾರೆ.

ಚಿಗವ್ವನ ಗಂಡ ಬಂದದ್ದು ಯುದ್ಧ ಮುಗಿದ ಮೇಲೆ. ನಾಕಾ ಆಗಲೂ ಇತ್ತು. ನಾನು ನೂಲು ತರಲು ಬನಹಟ್ಟಿಯ ಕಡೆ ಹೊರಟವನು ಬೇವಿನ ಮರದ ಹತ್ತಿರ ಬಂದಾಗ, ಹೆಗಲ ಮೇಲೆ ಸೊಲ್ಲಾಪುರದ ಚಾದರ ಹೊದ್ದ ಒಬ್ಬ ಸೊರಗಿದ ಮನುಷ್ಯ ಕಾರಕೂನರ ಮುಂದೆ ನಿಂತು ಕೆಮ್ಮುತ್ತಿದ್ದ. ಗುರುತು ಹೇಳುವವರು ಬೇಕು ಎಂದಿದ್ದರು ಕಾರಕೂನರು. ನನ್ನನ್ನು ಕಂಡು, “ಹೋಗಿ ಇವನ ಹೆಂಡತಿಯನ್ನು ಕೇಳಿ ಬಾ,” ಎಂದರು.

ನಾನು ಓಡಿದೆ. ಚಿಗವ್ವ ಗಂಜಿ ತಿರುವುತ್ತಿದ್ದಳು. ಹೇಳಿದೆ. ಅವಳು ಸೌಟು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಗಂಜಿ ಗಂಟು ಕಟ್ಟುತ್ತದೆ. ಮುಖಕ್ಕೆ ಉಗಿ ಹೊಡೆಯುತ್ತಿತ್ತು, ಬರೀ ಉಗಿಯೋ ಏನೋ.

“ಏನು ಹೇಳಲಿ?” ಎಂದೆ.

“ಇಲ್ಲೇ ಅದಾಳ ಅನ್ನು,” ಎಂದಳು. “ಗಂಜಿ ಇಳಿಸಿ ಬರ್ತಾಳ ಅನ್ನು. ಎಲ್ಲೂ ಹೋಗಬ್ಯಾಡ ಅನ್ನು.”

ನಾಕಾಕ್ಕೆ ಬಂದು ಆ ಮಾತನ್ನು ಅವಳದೇ ಧ್ವನಿಯಲ್ಲಿ ಹೇಳಿದೆ, ಕೊನೆಯನ್ನು ಮೇಲಕ್ಕೆ ಎತ್ತಿ. ಅಣಕಿಸಬೇಕೆಂದು ಅಲ್ಲ, ಬೇರೆ ಯಾವ ಧ್ವನಿಯಲ್ಲಿ ಹೇಳಬೇಕೋ ತಿಳಿಯಲಿಲ್ಲ. ಆ ಮನುಷ್ಯ ತನ್ನ ಗಂಟಿನ ಮೇಲೆ ಕುಳಿತುಕೊಂಡ. ಚಾದರದ ತುದಿಯಿಂದ ಮುಖ ಒರೆಸಿಕೊಂಡು, “ಹೌದ್ರೀ, ಆಕಿನ,” ಎಂದ.

ಕಾರಕೂನರು ದಾರದ ಕನ್ನಡಕ ಸರಿಮಾಡಿಕೊಂಡು, “ಪುಢೇ,” ಎಂದರು. ಸಿಪಾಯಿ ಗಳ ಎತ್ತಿದ. ಈ ಸಲ ಯಾರೂ ನನ್ನ ಕಡೆ ನೋಡಲಿಲ್ಲ.